ಬೇಲಿಯ ಪಕ್ಕದ ಆಟಗಾರ

ಚಿರಂತನನ ಉದ್ಯೋಗ ಏನೆಂದು ಹಾಲೆಂಡಿನ ನೈಮೆಗನ್ನಿನ ಕನ್ನಡದವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಅವನ ಹೆಂಡತಿ ಗಾನವಿಗೆ ಸಾಕುಸಾಕಾಗುತ್ತಿತ್ತು. ದೀಪಾವಳಿ ಊಟಕ್ಕೆ ಸೇರಿದವರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಚಿಪ್ಪು, ಕೋಡು ಎಂದು ಮಾತಾಡುವವರು. "ಚಿರು ಬೇಸ್‌ಬಾಲ್ ಆಡ್ತಾನೆ" ಎಂದರೆ, "ಅದ್ಸರಿ, ಕೆಲ್ಸ ಏನ್ ಮಾಡ್ತಾನೆ?" ಎಂದು ಕೇಳುವರು. ಅದೇ ಕೆಲಸ, ಸಂಬಳವೂ ಅದಕ್ಕೇ ಎಂದರೆ ಪಾಯಸದ ಲೋಟ ಹಿಡಿದುಕೊಂಡು ಕಣ್ಣು ಕಣ್ಣು ಬಿಡುವರು.

ಅವರನ್ನು ದೂರಿ ಪ್ರಯೋಜನವಿಲ್ಲ. ಆ ಕೆಲಸವನ್ನು ಕಣ್ಣಾರೆ ನೋಡಿದವರಿಗೂ ಅದು ಕೆಲಸವೆಂದು ಅನ್ನಿಸುವುದು ಕಷ್ಟ. ಮೈದಾನದ ಕಟ್ಟಕಡೆಗೆ, ಬೇಲಿಯ ಪಕ್ಕದಲ್ಲಿ, ಎಡಗೈಗೆ ಚರ್ಮದ ದೊಡ್ಡ ಗವಸು ಹಾಕಿಕೊಂಡು ನಿಲ್ಲಬೇಕು. ಚೆಂಡು ಬಂದರೆ ಓಡಿ ಹಿಡಿಯಬೇಕು. ಬರದಿದ್ದರೆ ಸುಮ್ಮನೆ ನಿಲ್ಲಬೇಕು. ಔಟ್‌ಫೀಲ್ಡರ್ ಎಂದು ಅದರ ಹೆಸರು. ಆಟಕ್ಕೆ ಡಚ್ಚರು ಹಾಂಕ್‌ಬಾಲ್ ಅನ್ನುತ್ತಾರೆ.

ಮೈಸೂರಿನಲ್ಲಿ ಚಿರಂತನ ಬ್ಯಾಟ್ಸ್‌ಮನ್ ಆಗಿದ್ದ. ಹಾಗೆಂದರೆ ಅಂಥಿಂಥ ಬ್ಯಾಟ್ಸ್‌ಮನ್ ಅಲ್ಲ, ಕಾಲೇಜು ತಂಡದ ಆರಂಭಿಕ ಆಟಗಾರ. ಬೌಂಡರಿ ಗೆರೆಯಾಚೆ ಸ್ಕೂಟರಿನ ಮೇಲೆ ಕೂತು "ಓಡೋ, ಎರಡಿದೆ!", "ಬೇಡ, ನಿಲ್ಲು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಹುಡುಗಿಯನ್ನೇ ಮದುವೆಯಾದ. ಆಮೇಲೆ ಓದಲೆಂದು ನೈಮೆಗನ್ನಿಗೆ ಬಂದ. ಓದು ಮುಗಿದು, ವಾಸದ ಪರ್ಮಿಟ್ಟಿನ ದಿನಗಳೂ ಮುಗಿಯುತ್ತ ಬಂದು, ಯಾವ ಕೆಲಸವೂ ಕೈಗೆ ಹತ್ತದೆ ಕಂಗಾಲಾಗಿದ್ದ ಒಂದು ಭಾನುವಾರ ಗೆಳೆಯರ ಜೊತೆ ಪಾರ್ಕಿನಲ್ಲಿ ಕ್ರಿಕೆಟ್ ಆಡುತ್ತಿದ್ದಾಗ, ಪಕ್ಕದ ಮೈದಾನದಿಂದ ಬೇಲಿ ದಾಟಿ ಒಂದು ಚೆಂಡು ಹಾರಿ ಬಂತು. ಚಿರಂತನ ಮೂವತ್ತು ಗಜ ಓಡಿ ಅದನ್ನು ಬರಿಗೈಯಲ್ಲಿ ಹಿಡಿದ. ಪಕ್ಕದ ಮೈದಾನದ ಕೋಚ್ ರುಟ್ಗರ್ ಬೇಲಿಯ ಹತ್ತಿರ ಬಂದು ಅವನ ಅಂಗೈ ತಿರುಗಿಸಿ ನೋಡಿದ. ಮೂರು ವಾರದೊಳಗೆ ಕ್ಲಬ್ಬು ಒಂದು ವರ್ಷದ ಒಪ್ಪಂದ ಕೊಟ್ಟಿತು.

ಬದುಕಿಕೊಂಡೆ ಅಂದುಕೊಂಡ. ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಮೊದಲ ವರ್ಷ ಅಭ್ಯಾಸ ಪಂದ್ಯಗಳಲ್ಲಿ ಬ್ಯಾಟ್ ಕೊಟ್ಟು ನೋಡಿದರು. ಚೆಂಡು ನೆಲಕ್ಕೆ ಬಿದ್ದು ಏಳಲೆಂದು ಕಾಯುವ ಕಣ್ಣು ಅವನದು. ಇಲ್ಲಿ ಚೆಂಡು ನೆಲ ಮುಟ್ಟದೆ ಎದೆಮಟ್ಟದಲ್ಲಿ ಬಂದು ಹೋಗುತ್ತಿತ್ತು. ಒಂಬತ್ತು ಸಲ ಗಾಳಿಗೆ ಬೀಸಿ ಬಂದ. ಅಲ್ಲಿಗೆ ರುಟ್ಗರ್ ತೀರ್ಮಾನ ಮಾಡಿಬಿಟ್ಟ. ತಂಡ ಮುಂದಿರುವಾಗ ಕೊನೆಯ ಎರಡು ಸುತ್ತಿಗೆ ಚಿರಂತನನನ್ನು ಬೇಲಿಯ ಬಳಿ ನಿಲ್ಲಿಸುವುದು, ಬ್ಯಾಟಿನ ಸರದಿ ಬಂದರೆ ಬೇರೊಬ್ಬನನ್ನು ಕಳಿಸುವುದು. "ನೀನು ನನ್ನ ಛತ್ರಿ" ಎನ್ನುತ್ತಿದ್ದ, "ಮಳೆ ಬಂದಾಗ ಮಾತ್ರ ಬಿಚ್ಚುತ್ತೇನೆ." ಅವನ ಲೆಕ್ಕದಲ್ಲಿ ಅದು ಹೊಗಳಿಕೆ.

ಹೀಗೆ ಐದು ವರ್ಷ. ಚಿರಂತನ ಎಷ್ಟು ಚೆನ್ನಾಗಿ ಹಿಡಿದನೋ ಅಷ್ಟು ಭದ್ರವಾಗಿ ಬೇಲಿಗೆ ಅಂಟಿಕೊಂಡ. ಒಂದು ಚೆಂಡು ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಅಲ್ಲೇ ನಿಂತಿರಬೇಕು. ಒಪ್ಪಂದ ಪ್ರತಿ ವರ್ಷವೂ ಒಂದೇ ವರ್ಷದ್ದು. ಅವನ ನಿವಾಸದ ಕಾರ್ಡು ಆ ಒಪ್ಪಂದಕ್ಕೆ ಕಟ್ಟಿದ್ದು, ಗಾನವಿಯ ಕಾರ್ಡೂ ಏಳು ವರ್ಷದ ಮಗಳು ನಿಹಾರಿಕಾಳ ಕಾರ್ಡೂ ಅವನದಕ್ಕೆ ಕಟ್ಟಿದ್ದು. ಒಪ್ಪಂದ ಮುಗಿಯುವ ಸೆಪ್ಟೆಂಬರ್ ಬಂತೆಂದರೆ ಮನೆಯಲ್ಲಿ ಯಾರೂ ಹೊಸ ಪರದೆ ಕೂಡ ಕೊಳ್ಳುತ್ತಿರಲಿಲ್ಲ. ನನ್ನನ್ನು ಕೇಳಿದರೆ, ಬಾಗಿಲಿಲ್ಲದ ಜೈಲಿಗಿಂತ ವರ್ಷಕ್ಕೊಮ್ಮೆ ಬಾಗಿಲು ಅಲುಗಾಡುವ ಜೈಲೇ ಹೆಚ್ಚು ಕ್ರೂರ.

ಯಾರಿಗೂ ಹೇಳದೆ ಅವನು ಒಂದು ಕೆಲಸ ಮಾಡಿದ. ನಾಲ್ಕು ಚಳಿಗಾಲ, ಕ್ಲಬ್ಬಿನ ಹಿಂದಿನ ಬಲೆಯ ಪಂಜರದಲ್ಲಿ ನಿಂತು, ಯಂತ್ರ ಎಸೆಯುವ ಚೆಂಡನ್ನು ಹೊಡೆದ. ಕೈಗೆ ಬೊಬ್ಬೆ ಬಂದು ಒಡೆದು ಮತ್ತೆ ಬಂತು. ಕೊನೆಗೆ ಚೆಂಡು ಬ್ಯಾಟಿಗೆ ಸಿಗತೊಡಗಿತು. ಯುಟ್ರೆಕ್ಟಿನ ಇನ್ನೊಂದು ಕ್ಲಬ್ಬಿನ ಕೋಚ್ ವೀಬ್ರಂಟ್ ಅದನ್ನೊಮ್ಮೆ ಕಂಡು, "ಪಂದ್ಯದಲ್ಲಿ ಒಂದು ಸಲ ಹೊಡೆದು ತೋರಿಸು, ಮೂರು ವರ್ಷದ ಒಪ್ಪಂದ ಕೊಡುತ್ತೇನೆ, ಪೂರ್ತಿ ಆಟಗಾರನಾಗಿ" ಎಂದ. ಪಂದ್ಯದಲ್ಲಿ ಬ್ಯಾಟ್ ಕೊಡುವವರಾರು?

ಈ ಸೆಪ್ಟೆಂಬರಿನ ಕೊನೆಯ ಪಂದ್ಯದಲ್ಲಿ ಆ ಗಳಿಗೆ ತಾನಾಗಿಯೇ ಬಂತು. ಇಬ್ಬರಿಗೆ ಪೆಟ್ಟಾಗಿ ಬದಲಿ ಆಟಗಾರರು ಖಾಲಿಯಾಗಿದ್ದರು. ಕೊನೆಯ ಸುತ್ತು, ತಂಡ ಒಂದೇ ಒಂದು ಓಟ ಹಿಂದೆ, ಇಬ್ಬರು ಔಟು, ಮೂರನೆಯವನು ಔಟಾದರೆ ಆಟ ಮುಗಿಯಿತು; ತಮ್ಮವನೊಬ್ಬ ಓಟದ ದಾರಿಯ ಕೊನೆಯ ನಿಲ್ದಾಣವಾದ ಮೂರನೇ ಬೇಸಿನಲ್ಲಿ ತುದಿಗಾಲಲ್ಲಿ ನಿಂತಿದ್ದಾನೆ. ಸರದಿ ಚಿರಂತನನದು. ರುಟ್ಗರ್ ಬೆಂಚಿನ ಆ ತುದಿಯಿಂದ ಈ ತುದಿಗೆ ನೋಡಿದ. ಯಾರೂ ಇಲ್ಲ. ವೀಬ್ರಂಟ್ ಗ್ಯಾಲರಿಯಲ್ಲಿ ಕೈಕಟ್ಟಿ ಕೂತಿದ್ದ. ಎರಡು ಸಾಲು ಕೆಳಗೆ ಗಾನವಿ, ಪಕ್ಕದಲ್ಲಿ ಮಗಳು.

ಎರಡು ಚೆಂಡು ಬಿಟ್ಟ. ಮೂರನೆಯದನ್ನು ಹೊಡೆದ, ಅದೂ ಎಂಥ ಹೊಡೆತ! ಚೆಂಡು ಹುಲ್ಲು ಸವರಿಕೊಂಡು ಬಾಣದಂತೆ ಹೋಯಿತು. ಚಿರಂತನ ಬ್ಯಾಟ್ ಬಿಸಾಡಿ ಮೂರು ಹೆಜ್ಜೆ ಓಡಿದ. ಅಷ್ಟರಲ್ಲಿ ಎದುರಾಳಿಯೊಬ್ಬ ಹಾರಿ ಬಿದ್ದು ಚೆಂಡನ್ನು ತಡೆದ.

"ಬೇಡ! ನಿಲ್ಲು!"

ಐದು ವರ್ಷದಲ್ಲಿ ಆ ಮೈದಾನದಲ್ಲಿ ಕೇಳಿದ ಮೊದಲ ಕನ್ನಡ ಕೂಗು ಅದು. ಬುದ್ಧಿ ಏನಾದರೂ ಹೇಳುವ ಮೊದಲೇ ಕಾಲು ಮಾತು ಕೇಳಿತು. ಕ್ರಿಕೆಟ್ಟಿನಲ್ಲಿ ಚೆಂಡು ಎದುರಾಳಿಯ ಕೈಸೇರಿದರೆ ಓಡದೆ ಉಳಿಯುವುದು ಜಾಣತನ. ಇಲ್ಲಿ ನೆಲದ ಮೇಲೆ ಹೊಡೆದವನು ಚೆಂಡಿಗಿಂತ ಮುಂಚೆ ಮೊದಲ ಬೇಸು ಮುಟ್ಟಲು ಓಡಲೇಬೇಕು, ಬೇರೆ ದಾರಿಯೇ ಇಲ್ಲ. ಚಿರಂತನ ಗಕ್ಕನೆ ನಿಂತು, ಮೂರನೇ ಬೇಸಿನವನಿಗೆ ಅಂಗೈ ತೋರಿಸಿ "ನೋ!" ಎಂದು ತಾನೂ ಕೂಗಿದ. ಅವನು ಹೌಹಾರಿ ಓಡುತ್ತಲೇ ಇದ್ದ. ಬಿದ್ದವನ ಗವಸಿನಿಂದ ಚೆಂಡು ಜಾರಿತು, ಹುಡುಕಾಡಿದ, ಎತ್ತಿದ, ಮತ್ತೆ ಜಾರಿತು. ಯಾವ ಮುದುಕನಾದರೂ ಮೊದಲ ಬೇಸು ಮುಟ್ಟುವಷ್ಟು ಹೊತ್ತು. ತಪ್ಪು ತಿಳಿದು ಚಿರಂತನ ಮತ್ತೆ ಓಡುವಾಗ ಚೆಂಡು ಅವನಿಗಿಂತ ಎರಡು ಹೆಜ್ಜೆ ಮೊದಲೇ ಅಲ್ಲಿತ್ತು. ಚಿರಂತನ ಔಟು, ಪಂದ್ಯವೂ ಹೋಯಿತು.

ವೀಬ್ರಂಟ್ ಎದ್ದು ಜಾಕೆಟ್ಟಿನ ಜಿಪ್ ಎಳೆದುಕೊಂಡು ಹೊರಟ. ರುಟ್ಗರ್ ಬಂದು ಚಿರಂತನನ ಭುಜ ತಟ್ಟಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಸಮಾಧಾನವಿತ್ತು. "ನನ್ನದೇ ತಪ್ಪು, ನಿನ್ನನ್ನು ಕಳಿಸಬಾರದಿತ್ತು. ಮುಂದಿನ ವರ್ಷದ ಕಾಗದ ಸಿದ್ಧವಿದೆ, ಸೋಮವಾರ ಬಂದು ಸಹಿ ಹಾಕು. ಬ್ಯಾಟಿನ ಕಾಟ ಇನ್ನು ನಿನಗಿಲ್ಲ." ಚಿರಂತನ ಥ್ಯಾಂಕ್ಸ್ ಹೇಳಿದ. ಹೇಳದೆ ಇರುವ ಸ್ವಾತಂತ್ರ್ಯ ಅವನಿಗಿರಲಿಲ್ಲ.

ಮೂವರೂ ಸೈಕಲ್ ತಳ್ಳಿಕೊಂಡು ವಾಲ್ ನದಿಯ ದಂಡೆಯ ಮೇಲೆ ನಡೆದರು. "ಪಪ್ಪಾ, ವೈ ಡಿಡ್ ಯು ಸ್ಟಾಪ್?" ಎಂದು ನಿಹಾರಿಕಾ ಎರಡು ಸಲ ಕೇಳಿ, ಸೈಕಲ್ ಹತ್ತಿ ಮುಂದೆ ಹೋದಳು. ಗಾನವಿ ಸೇತುವೆಯ ತನಕ ನಡೆದಳು. ಅಲ್ಲಿ ಸೈಕಲ್ ನಿಲ್ಲಿಸಿದಳು.

"ಚಿರು, ನಾನೇ ಕಣೋ ಕೂಗಿದ್ದು. ಅವ್ನು ಡೈವ್ ಹೊಡೆದಿದ್ ನೋಡಿ ಬಾಯಿಂದ ತಾನಾಗೇ ಬಂದ್ಬಿಡ್ತು. ಮೈಸೂರಲ್ಲೇ ಇದೀನಿ ಅನ್ನಿಸ್ಬಿಡ್ತು. ನನ್ನಿಂದ್ಲೇ ಹಾಳಾಯ್ತಾ?"

ಚಿರಂತನನ ಎದೆಯಲ್ಲಿ ಸಿಟ್ಟು ಬೆಂಕಿಯಂತೆ ಎದ್ದಿತು. ಹೌದು ಎಂದು ಒಂದೇ ಮಾತು ಹೇಳಿದ್ದರೆ ಅವನ ಭಾರ ಅರ್ಧ ಇಳಿಯುತ್ತಿತ್ತು. ಆದರೆ ಆ ಅರ್ಧವನ್ನು ಇವಳು ಸಾಯುವ ತನಕ ಹೊರುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

"ಕೂಗಿದ್ಯಾ?" ಎಂದ. "ನಂಗೇನೂ ಕೇಳಿಸ್ಲೇ ಇಲ್ವಲ್ಲೇ. ನಾನೇ ಕನ್‌ಫ್ಯೂಸ್ ಆದೆ."

ಗಾನವಿ ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, "ಹಾಗಾದ್ರೆ ಸರಿ" ಎಂದು ಸೈಕಲ್ ಹತ್ತಿ ಮಗಳ ಹಿಂದೆ ಹೊರಟಳು. ಚಿರಂತನ ಸೈಕಲ್ ತಳ್ಳಿಕೊಂಡು ಅವರ ಹಿಂದೆ ನಡೆದ. ಆ ಕೂಗು ತನಗೆ ಕೇಳಿಸಿತ್ತೆಂಬ ಮಾತನ್ನು ಇನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ.