ಎತ್ತಿನ ಬಾಜು ಸಿಕ್ಕ ಬೂಸ್ಟರ್ ಬಾಟ್ಲಿ

ಕಳೆದ ಭಾನುವಾರ ನಮ್ಮ ಅಣ್ಣನ ಎತ್ತುಗಳ ಮೇಲೆ ಡೋಪಿಂಗ್ ಆರೋಪ ಬಂತು. ಕಾರಣ ಯಾರು ಅಂತೀರಿ? ಒಂದು ಕೆಂಪು ಕಾರು.

ನಗಬೇಡಿ. ಯರಗುಪ್ಪಿಯಲ್ಲಿ ಅವತ್ತು ಯಾರೂ ನಗಲಿಲ್ಲ.

ನನ್ನ ಅಕ್ಕನ ಮಗ ಪ್ರವೀಣ ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ದಿನವಿಡೀ ಮೊಳೆ, ಪೈಪು, ಪೇಂಟು. ಹೋದ ವರ್ಷ ಒಂದು ಕಾರು ತಗೊಂಡ. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಿರುತ್ತೆ. ಸ್ಟಾರ್ಟ್ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ಹೋಗ್ತವೆ. ಟರ್ಬೊ ಅಂತೆ, ಟ್ಯೂನಿಂಗ್ ಅಂತೆ. ಅದಕ್ಕೆ ಸಾದಾ ಪೆಟ್ರೋಲ್ ಆಗಿಬರೋದಿಲ್ಲವಂತೆ. (ನಮ್ಮ ಮನೆಯವರಿಗೆ ತಣ್ಣನ ರೊಟ್ಟಿ ಆಗಿಬರೋದಿಲ್ಲ. ಅದನ್ನ ನಾನು ಯಾರ ಮುಂದೆ ಹೇಳಲಿ?)

ಅದಕ್ಕೇ ಹುಬ್ಬಳ್ಳಿ ದಾಟೋವಾಗ ಡಿಕ್ಕಿಯಲ್ಲಿ ಸಣ್ಣ ಸಣ್ಣ ಬಾಟ್ಲಿ ಇಟ್ಟುಕೊಂಡೇ ಹೊರಡ್ತಾನೆ. ಆಕ್ಟೇನ್ ಬೂಸ್ಟರ್! ಹಳ್ಳಿ ಕಡೆ ಸಾದಾ ಪೆಟ್ರೋಲ್ ತುಂಬಿಸಿದಾಗ ಇದನ್ನ ಟ್ಯಾಂಕಿಗೆ ಸುರಿದರೆ ಇಂಜಿನ್ನು ಕಟಕಟ ಅನ್ನೋದಿಲ್ಲ, ಪಿಕಪ್ ಹೆಚ್ಚಾಗುತ್ತೆ ಅಂತಾನೆ. ಇದು ಅವನ ಮಾತು. ಇಂಜಿನ್ನನ್ನ ಯಾರೂ ಕೇಳಿಲ್ಲ.

ಯರಗುಪ್ಪಿ ನನ್ನ ತವರು. ಅಲ್ಲಿ ಭಾನುವಾರ ಖಾಲಿ ಗಾಡಾ ಓಡಿಸೋ ಸ್ಪರ್ಧೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಖಾಲಿ ಗಾಡಿಗೆ ಎತ್ತು ಹೂಡಿ ಬಿಡ್ತಾರೆ, ಒಂದು ನಿಮಿಷದಲ್ಲಿ ಯಾರ ಜೋಡಿ ಹೆಚ್ಚು ದೂರ ಓಡುತ್ತೋ ಅವರು ಫಸ್ಟ್. ನನ್ನ ಅಣ್ಣ ನಿಂಗಪ್ಪ ಪ್ರತಿ ವರ್ಷ ಓಡಿಸ್ತಾನೆ. ಪ್ರತಿ ವರ್ಷ ಸೆಕೆಂಡ್ ಬರ್ತಾನೆ. ಫಸ್ಟ್ ಬರೋದು ಅದೇ ಊರಿನ ಫಕ್ಕೀರಪ್ಪ. ಆ ದಿನ ಅಣ್ಣ ಊಟ ಮಾಡೋದಿಲ್ಲ, ಎತ್ತಿನ ಮುಂದೆ ಹೋಗಿ ಸುಮ್ಮನೆ ಕೂತಿರ್ತಾನೆ ಅಂತ ಅವನ ಹೆಂಡತಿ, ನಮ್ಮ ವೈನಿ, ಹೇಳ್ತಾಳೆ. ಈ ಸಲ ಗೆದ್ದೇ ತೀರಬೇಕು ಅಂತ ಎತ್ತುಗಳಿಗೆ ಹುರುಳಿ, ಬೆಣ್ಣೆ, ಉತ್ತತ್ತಿ ತಿನ್ನಿಸಿದ್ದ. ತಾನು ಮಾತ್ರ ಬರೀ ರೊಟ್ಟಿ ತಿಂದಿದ್ದ.

"ಮೌಶಿ, ರೋಡ್ ಟ್ರಿಪ್ ಹೋಗೂಣು ನಡೀ" ಅಂದ ಪ್ರವೀಣ. ಹುಬ್ಬಳ್ಳಿಯಿಂದ ಯರಗುಪ್ಪಿಗೆ ರೋಡ್ ಟ್ರಿಪ್ಪಾ? ಬಸ್ಸಿನಲ್ಲಾದರೆ ಒಂದು ಪೊಟ್ಟಣ ಶೇಂಗಾ ಮುಗಿಯೋದರೊಳಗೆ ಊರು ಬಂದಿರುತ್ತೆ. ಆದರೂ ಹತ್ತಿದೆ.

ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಹಂಪ್ ಬಂದಾಗಲೆಲ್ಲ ಕಾರಿನ ಹೊಟ್ಟೆ ತಾಗುತ್ತೆ, ಹಗುರಾಗಬೇಕು, ನಾನು ಇಳಿಯಬೇಕು. (ನನ್ನ ತೂಕದ ಬಗ್ಗೆ ಇಷ್ಟು ನೇರವಾಗಿ ಡಾಕ್ಟರೂ ಮಾತಾಡಿಲ್ಲ.) ನಾನು ಸೀರೆ ಎತ್ತಿಕೊಂಡು ಹಂಪ್ ದಾಟಿ ನಿಲ್ಲೋದು, ಕಾರು ತೆವಳಿಕೊಂಡು ಬರೋದು, ಮತ್ತೆ ಹತ್ತೋದು. ಕುಂದಗೋಳದ ಹತ್ತಿರ ಬಸ್ಸು ನಮ್ಮನ್ನ ಹಿಂದೆ ಹಾಕಿತು. ಕಿಟಕಿಯಿಂದ ಒಬ್ಬರು, ಗಾಡಿ ಕೆಟ್ಟೈತೇನವ್ವಾ ಅಂತ ಕನಿಕರದಿಂದ ಕೇಳಿದರು. ಪ್ರವೀಣ ಗ್ಲಾಸ್ ಏರಿಸಿಬಿಟ್ಟ.

ಸಂಶಿಯಲ್ಲಿ ಸಾದಾ ಪೆಟ್ರೋಲ್ ಹಾಕಿಸಿದ್ದಾಯ್ತು. ಅಲ್ಲೇ ಬಾಟ್ಲಿ ತೆಗೀಬೇಕು ಅಂದ್ರೆ ಹಿಂದೆ ಟ್ರ್ಯಾಕ್ಟರ್‌ನವರು ಹಾರ್ನ್ ಹೊಡೆದು ಓಡಿಸಿದರು. ಹಾಗಾಗಿ ಯರಗುಪ್ಪಿ ಮುಟ್ಟಿ, ಸ್ಪರ್ಧೆ ನಡೆಯೋ ಹೊಲದ ಬದುವಿನ ಬೇವಿನ ಗಿಡದ ನೆರಳಲ್ಲಿ ಕಾರು ನಿಲ್ಲಿಸಿ, ಹಸುಗೂಸಿಗೆ ಔಷಧ ಕುಡಿಸೋ ಹಾಗೆ ಟ್ಯಾಂಕಿಗೆ ಹೊಯ್ದ. ಖಾಲಿ ಬಾಟ್ಲಿ ಗಿಡದ ಬುಡಕ್ಕಿಟ್ಟ. ಅದೇ ಗಿಡಕ್ಕೆ ಅಣ್ಣನ ಎತ್ತು ಕಟ್ಟಿದ್ದವು. ಆಗ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಅಣ್ಣನ ಜೋಡಿ ಓಡಿತು ನೋಡಿ! ಧೂಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಫಸ್ಟ್! ಹಲಗಿ ಬಡಿತ ಶುರುವಾಯ್ತು, ಅಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ, ನಾನೂ ಅತ್ತೆ.

ಅಷ್ಟರಲ್ಲಿ ಫಕ್ಕೀರಪ್ಪ ಬಂದ. ಕೈ ಮೇಲೆತ್ತಿದ್ದ. ಕೈಯಲ್ಲಿ ಬಾಟ್ಲಿ. ಬಾಟ್ಲಿ ಮೇಲೆ ಮಿಂಚಿನ ಚಿತ್ರ, ಓಡೋ ಕುದುರೆ.

"ಇದು ನಿಂಗಪ್ಪನ ಎತ್ತಿನ ಬಾಜೂಕ ಸಿಕ್ಕೈತ್ರಿ" ಅಂದ.

ಹಲಗಿ ನಿಂತಿತು. ಎತ್ತಿಗೆ ಔಷಧ ಕುಡಿಸಿದರೆ ಆ ಜೋಡಿ ಔಟ್, ಮುಂದೆಂದೂ ಆ ಮನೆಯ ಎತ್ತು ಕಣಕ್ಕಿಳಿಯೋ ಹಾಗಿಲ್ಲ. ಅಣ್ಣನ ಮುಖ ಸುಣ್ಣ ಬಳಿದ ಗೋಡೆ ಆಯ್ತು.

ಸ್ಪರ್ಧೆಯ ತೀರ್ಪು ಹೇಳೋ ಪಂಚರ ಹಿರಿಯ ಬಸವಣ್ಣೆಪ್ಪಜ್ಜ ಬಾಟ್ಲಿ ಮೂಸಿ ನೋಡಿದ. ಬಾಜೂದವರಿಗೆ ಕೊಟ್ಟ. ಅವರೂ ಮೂಸಿದರು. ಊರೇ ಮೂಸಿತು. ಪ್ರವೀಣ ಮುಂದೆ ಬಂದು, ಅದು ನನ್ನ ಕಾರಿಂದು ಅಂದ. ಹಾಕಿದರೆ ಏನಾಗ್ತೈತಿ ಅಂತ ಅಜ್ಜ ಕೇಳಿದ. ಜೋರು ಓಡುತ್ತೆ ಅಂದ ಪ್ರವೀಣ. ಎಷ್ಟು ಜೋರು? ಇನ್ನೂರು ದಾಟುತ್ತೆ. ಇವತ್ತು ಹೆಂಗ ಬಂದ್ರಿ?

ಪ್ರವೀಣ ನನ್ನ ಮುಖ ನೋಡಿದ. ಬಸ್ಸಿನಲ್ಲಿ ಬಂದಿದ್ದ ಪುಣ್ಯಾತ್ಮನೊಬ್ಬ ಎದ್ದು, ನಾವು ಇವರನ್ನ ಕುಂದಗೋಳದಾಗ ದಾಟಿ ಬಂದ್ವಿ, ಈ ಅಕ್ಕಾರು ನಡಕೋತ ಬರ್ತಿದ್ರು ಅಂತ ಸಾಕ್ಷಿ ಹೇಳಿದ. ಎಲ್ಲರೂ ನನ್ನ ಚಪ್ಪಲಿ ನೋಡಿದರು.

ಈಗ ನೀವೇ ಹೇಳಿ, ಯಾರು ನಂಬ್ತಾರೆ? ಎತ್ತು ಗಾಳಿಯಂಗೆ ಓಡಿವೆ. ಕಾರು ತೆವಳಿಕೊಂಡು ಬಂದಿದೆ. (ಬಾಟ್ಲಿ ಹೊಯ್ದದ್ದೇ ಊರು ಮುಟ್ಟಿದ ಮೇಲೆ ಅಂದರೆ ಕೇಳೋರು ಯಾರು?) ಹಾಗಿದ್ದರೆ ಔಷಧ ಯಾರ ಹೊಟ್ಟೆಗೆ ಹೋಗಿದೆ? ಪಂಚರ ಜಾಗದಲ್ಲಿ ನಾನಿದ್ದರೂ ನಮ್ಮ ಅಣ್ಣನ್ನೇ ಔಟ್ ಮಾಡ್ತಿದ್ದೆ.

"ಖರೇ ಹೇಳು ತಮ್ಮಾ" ಅಂದ ಅಜ್ಜ. "ಇದರಿಂದ ನಿನ್ನ ಗಾಡಿಗೆ ಏನರ ಫರಕ್ ಬಿದ್ದೈತೇನು?"

ಅಂಗಡಿಗೆ ಮೊಳೆ ಕೇಳಲು ಬಂದವರಿಗೂ ಆಕ್ಟೇನ್ ಪಾಠ ಮಾಡೋ ಹುಡುಗ ಅವನು. ಬೂಸ್ಟರ್ ಸುಳ್ಳು ಅಂದಿದ್ದಕ್ಕೆ ಗೆಳೆಯನ ಜೊತೆ ಮಾತು ಬಿಟ್ಟವನು. ಒಮ್ಮೆ ಕಾರಿನ ಕಡೆ ನೋಡಿದ. ಒಮ್ಮೆ ಎತ್ತಿನ ಹಗ್ಗ ಹಿಡಿದು ನಿಂತ ಸೋದರಮಾವನ ಕಡೆ ನೋಡಿದ. ತಲೆ ತಗ್ಗಿಸಿದ.

"ಏನೂ ಬಿದ್ದಿಲ್ಲರಿ. ಮನಸ್ಸಿನ ಸಮಾಧಾನಕ್ಕ ಹಾಕ್ತೀನ್ರಿ."

ಬಾಟ್ಲಿ ಕಾರಿನದೇ ಅಂತ ಇಡೀ ಹೊಲ ನಂಬಿಬಿಟ್ಟಿತು! ನಂಬದೇ ಏನು? ಇಂಥ ಒಂದು ಬಾಟ್ಲಿ ಇಲ್ಲದ ಮನೆ ಯಾವುದಿದೆ? ಒಬ್ಬರ ಮನೆಯಲ್ಲಿ ಮಗನ ನೆನಪಿನ ಶಕ್ತಿಯ ಸಿರಪ್ಪು. (ಕುಡಿಯೋದನ್ನೇ ಅವನು ಮರೀತಾನೆ.) ನನ್ನ ಮೊಣಕಾಲಿಗೊಂದು ಎಣ್ಣೆ. ನಮ್ಮ ಮನೆಯವರ ಬೋಳು ತಲೆಗೊಂದು ಎಣ್ಣೆ. ಫರಕ್ ಬಿತ್ತೇನು ಅಂತ ಯಾರಾದರೂ ಕೇಳ್ತೀವಾ? ಕೇಳಿದರೆ ಬಾಟ್ಲಿ ಬಿಸಾಕಬೇಕಾಗುತ್ತೆ.

ಎತ್ತುಗಳದ್ದು ತಪ್ಪಿಲ್ಲ, ಫಸ್ಟ್ ನಿಂಗಪ್ಪನದೇ ಅಂತ ಅಜ್ಜ ಮೈಕಿನಲ್ಲಿ ಹೇಳಿಸಿದ. ಅಣ್ಣ ಮೊದಲು ಎತ್ತುಗಳನ್ನ ತಬ್ಬಿಕೊಂಡ, ಆಮೇಲೆ ಪ್ರವೀಣನನ್ನ. ಹುಡುಗನ ಕಿವಿ ಇನ್ನೂ ಕೆಂಪಗಿತ್ತು. ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ಉಕ್ಕಿದ ಅಕ್ಕರೆ, ಆ ಕಾರು ತಂದ ದಿನದಿಂದ ಉಕ್ಕಿರಲಿಲ್ಲ.

ಊಟ ಮಾಡಿ ಹೊರಟ್ವಿ. ಕಾರು ಸ್ಟಾರ್ಟ್ ಮಾಡೋಷ್ಟರಲ್ಲಿ ಫಕ್ಕೀರಪ್ಪ ಬಂದು ಕಿಟಕಿಗೆ ಅಡ್ಡ ನಿಂತ. ಜಗಳ ತೆಗೀತಾನೆ ಅಂತ ನಾನು ಸೆರಗು ಬಿಗಿ ಮಾಡಿಕೊಂಡೆ. ಅವನು ಬಗ್ಗಿ, ಮೆಲ್ಲಗೆ, ಇನ್ನೊಂದು ಬಾಟ್ಲಿ ಐತೇನು ಅಂತ ಕೇಳಿದ. ಪ್ರವೀಣ ಗಾಬರಿಯಾಗಿ, ಎತ್ತಿಗೆ ಕುಡಿಸಿದರೆ ಸತ್ತೇ ಹೋಗ್ತಾವ್ರಿ ಕಾಕಾ ಅಂದ.

"ಎತ್ತಿಗಲ್ಲೋ ತಮ್ಮಾ" ಅಂದ ಫಕ್ಕೀರಪ್ಪ. "ಮನಸ್ಸಿನ ಸಮಾಧಾನಕ್ಕ ಅಂದೆಲ್ಲ? ಈ ವರ್ಷ ಸೆಕೆಂಡ್ ಬಂದಾಂವ ನಾನು."