ಎಣ್ಣೆ ಹೊಡೆಸದ ತೋಟ

ಉಜ್ಜಿನಿ ಕಡೆಗೆ ಹೋಗುವ ಬಸ್ಸು ನಮ್ಮ ತೋಟದ ಪಕ್ಕ ಬಂದಾಗ ಸ್ವಲ್ಪ ನಿಧಾನವಾಗುತ್ತದೆ. ಅಲ್ಲಿ ತಿರುವೂ ಇಲ್ಲ, ನಿಲ್ದಾಣವೂ ಇಲ್ಲ. ಗಂಡನ ಹಳೆ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಹುಲ್ಲು ಹೊಡೆಯುವ ಮಷೀನನ್ನು ಹೆಗಲಿಗೆ ತೂಗುಹಾಕಿಕೊಂಡ, ಐವತ್ತು ದಾಟಿದ ಹೆಂಗಸೊಬ್ಬಳನ್ನು ನೋಡುವ ಸಲುವಾಗಿ ನಿಧಾನವಾಗುತ್ತದೆ. ನೋಡಲಿ. ನಾನಂತೂ ಮಷೀನು ನಿಲ್ಲಿಸುವುದಿಲ್ಲ.

ತೋಟ ಎಂದ ಕೂಡಲೇ ನೀರು ಹರಿಯುವ ತಂಪು ಜಾಗ ಎಂದುಕೊಳ್ಳಬೇಡಿ. ಕೆಂಪು ನೆಲ, ನೊರಜುಗಲ್ಲು, ಮಾವನವರು ನೆಟ್ಟ ಹುಣಸೆ ಮತ್ತು ಮಾವಿನ ಮರಗಳು, ಬೇಲಿಗುಂಟ ಸೀತಾಫಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸುವುದಿಲ್ಲ. ಮುಂಗಾರು ಎರಡು ಸಲ ಚೆನ್ನಾಗಿ ಬಿದ್ದರೆ ಮರಗಳ ನಡುವೆ ಹುಲ್ಲು ಮೊಣಕಾಲಿಗೆ ಬರುತ್ತದೆ, ಇನ್ನೆರಡು ಸಲ ಬಿದ್ದರೆ ಸೊಂಟಕ್ಕೆ. ಮಾವನವರು ತೀರಿಕೊಂಡ ಮೇಲೂ ಮನೆ ಪಾಲಾಗಲಿಲ್ಲ. ತೋಟ ನೋಡಿಕೊಳ್ಳುವ ಕೆಲಸ ನನಗೆ ಬಂತು, ಏಕೆಂದರೆ ಅದು ಬೇರೆ ಯಾರಿಗೂ ಬೇಕಿರಲಿಲ್ಲ.

ಗಂಡನ ಅಣ್ಣ, ನನ್ನ ಭಾವ, ಕೊಟ್ಟೂರಿನಲ್ಲಿ ಗೊಬ್ಬರ ಮತ್ತು ಔಷಧಿಯ ಅಂಗಡಿ ಇಟ್ಟಿದ್ದಾರೆ. ಬೆಳೆಗೆ ಸಿಂಪಡಿಸುವ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ, ಹುಲ್ಲು ಸಾಯಿಸುವುದು ಕಳೆ ಎಣ್ಣೆ. ಸುತ್ತಲಿನವರೆಲ್ಲ ಭಾವನ ಅಂಗಡಿಯ ಎಣ್ಣೆ ಹೊಡೆಸಿ ಹೊಲವನ್ನು ಬೋಳು ಮಾಡಿಟ್ಟುಕೊಂಡಿರುವಾಗ, ಅಂಗಡಿಯವರ ಸ್ವಂತ ತೋಟದಲ್ಲೇ ಹುಲ್ಲು ತಲೆಯೆತ್ತಿ ನಿಂತರೆ ಅವರಿಗೆ ಹೇಗಾಗಬೇಡ? ಅದು ನನಗೂ ಅರ್ಥವಾಗುತ್ತದೆ. ಅರ್ಥವಾಗಿಯೂ ನಾನು ಸೊಪ್ಪು ಹಾಕಲಿಲ್ಲ.

ಒಂದು ಸಲ ನಾನು ತವರಿಗೆ ಹೋಗಿದ್ದಾಗ, ಭಾವ ಆಳು ಕಳಿಸಿ ತೋಟದ ಒಂದು ಮೂಲೆಗೆ ಎಣ್ಣೆ ಹೊಡೆಸಿಬಿಟ್ಟರು. ವಾಪಸು ಬಂದು ನೋಡಿದರೆ ಹುಲ್ಲು ನಿಂತಲ್ಲೇ ಸತ್ತಿತ್ತು. ಅತ್ತ ಒಣಗಿದ್ದೂ ಅಲ್ಲ, ಇತ್ತ ಕೊಯ್ದದ್ದೂ ಅಲ್ಲ, ಸುಟ್ಟ ಹಳದಿ ಬಣ್ಣ. ನಮ್ಮ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಬುಡದಲ್ಲಿ ಗೌಜಲಹಕ್ಕಿಯ ಗೂಡಿತ್ತು, ಮೊಟ್ಟೆ ತಣ್ಣಗಿದ್ದವು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ವಾರವೇ ಹೋಗಿ ಮಷೀನು ತಂದೆ.

ಈ ಕೆಲಸದಲ್ಲಿ ಕಷ್ಟವಿಲ್ಲ ಎಂದರೆ ಸುಳ್ಳಾಗುತ್ತದೆ. ಪೆಟ್ರೋಲಿಗೆ ಆಯಿಲ್ ಹದವಾಗಿ ಬೆರೆಸಬೇಕು. ಹಗ್ಗ ಎಳೆದೆಳೆದು ತೋಳು ಬಿದ್ದುಹೋದ ಮೇಲೆ ಮಷೀನು ಕೆಮ್ಮುತ್ತದೆ, ಅದೂ ಅದರ ಮನಸ್ಸಿದ್ದರೆ. ಬ್ಲೇಡಿಗೆ ಸಿಕ್ಕ ನೊರಜುಗಲ್ಲು ಸಿಡಿದು ಮೊಣಕಾಲ ಕೆಳಗೆ ಬಡಿದಾಗ ಶಿವ ಕಾಣಿಸುತ್ತಾನೆ, ಪ್ಯಾಂಟು ಹಾಕುವುದು ಅದಕ್ಕೇ. ಸೀರೆ ಉಟ್ಟುಕೊಂಡು ಹೊಡೆದು ತೋರಿಸಿ ಎಂದು ನಗುವವರಿಗೆ ಹೇಳುತ್ತೇನೆ. ಸಂಜೆ ಸ್ನಾನಕ್ಕೆ ಚೊಂಬು ಎತ್ತಿದರೆ ಕೈ ಇನ್ನೂ ನಡುಗುತ್ತಿರುತ್ತದೆ.

ಆದರೆ ಇಬ್ಬನಿ ಆರುವ ಹೊತ್ತಿಗೆ ಶುರು ಮಾಡಿ, ಬಲದಿಂದ ಎಡಕ್ಕೆ ಬೀಸುತ್ತ ಒಂದು ಸಾಲು ಮುಗಿಸಿ ಹಿಂತಿರುಗಿ ನೋಡುವ ಸುಖ ಇದೆಯಲ್ಲ, ಅದನ್ನು ಯಾವ ಡಬ್ಬಿಯಲ್ಲೂ ತುಂಬಿ ಮಾರಲಾಗದು. ಕೊಯ್ದ ಹುಲ್ಲಿನ ವಾಸನೆ ಮೂಗಿಗಲ್ಲ, ಹೊಟ್ಟೆಗೇ ಹೋಗುತ್ತದೆ. ನನ್ನ ಮುಂದೆ ಮಿಡತೆಗಳು ಹಾರುತ್ತವೆ, ಹಿಂದೆ ಬೆಳ್ಳಕ್ಕಿಗಳು ಅವಸರವಿಲ್ಲದೆ ಬರುತ್ತವೆ. ಕಿವಿಯಲ್ಲಿ ಮಷೀನಿನ ಸದ್ದು ತುಂಬಿರುವಾಗ ಯಾರ ಬುದ್ಧಿಮಾತೂ ಕೇಳಿಸುವುದಿಲ್ಲ, ಅದೂ ಒಂದು ಲಾಭ. ಕೊಯ್ದದ್ದರಲ್ಲಿ ಎಮ್ಮೆಗೆ ಬೇಕಾದಷ್ಟು ಹೊರೆ ಕಟ್ಟಿ, ಉಳಿದದ್ದನ್ನು ಮರಗಳ ಬುಡಕ್ಕೆ ಹೊದಿಸುತ್ತೇನೆ. ಪೂರ್ವದ ಬೇಲಿಗುಂಟ ಒಂದು ಪಟ್ಟಿಯನ್ನು ಮಾತ್ರ ಮುಟ್ಟುವುದಿಲ್ಲ. ಗೌಜಲಹಕ್ಕಿ ಈಗ ಅಲ್ಲಿ ಗೂಡು ಮಾಡುತ್ತದೆ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಭಾವ ತೋಟಕ್ಕೆ ಬಂದರು. ಬೈಕಿನಿಂದ ಇಳಿಯಲೂ ಇಲ್ಲ.

"ಏನವ್ವ, ತೋಟ ಹೋಗಿ ಅಡವಿ ಆಗೈತಿ. ಆ ಬೇಲಿ ಕಡಿ ಪಟ್ಟಿ ನೋಡು, ಹಾವು ಚೇಳಿನ ಮನಿ."

"ಅವಕ್ಕೂ ಒಂದು ಮನಿ ಬೇಕಲ್ರಿ ಭಾವಾರ" ಎಂದೆ.

ಅವರು ನಗಲಿಲ್ಲ. "ದೀಪಾವಳಿಗೆ ಎಲ್ಲರೂ ಸೇರ್ತೀವಿ. ಕುಂತು ಮಾತಾಡಿ ಬಿಡಾಣ. ಬರೋ ವರ್ಷದಿಂದ ತೋಟ ನಾನೇ ನೋಡ್ಕೋತೀನಿ. ಎಣ್ಣಿ ಹೊಡಿಸಿ, ಸ್ವಚ್ಛ ಮಾಡಿಸಿ, ನಡುವ ಮೆಕ್ಕಿಜೋಳ ಹಾಕಸ್ತೀನಿ. ನಿನಗೂ ಈ ವಯಸ್ಸಿನಾಗ ಮಷೀನು ಹೊರೋ ಗೋಳು ತಪ್ಪತೈತಿ."

ನನ್ನ ಮೇಲಿನ ಕನಿಕರದಿಂದ ನನ್ನ ತೋಟ ಕಿತ್ತುಕೊಳ್ಳುವ ಉಪಾಯ. ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. "ಅಣ್ಣ ಹೇಳದರಾಗೂ ತಪ್ಪಿಲ್ಲ, ನೀ ಮಾಡದರಾಗೂ ತಪ್ಪಿಲ್ಲ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮವರನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿಲ್ಲ. ನಾನು ಮಾತು ಬಿಟ್ಟು ಮರುದಿನ ಇನ್ನೂ ಬೇಗ ತೋಟಕ್ಕೆ ಹೋದೆ. ಕಸಿದುಕೊಳ್ಳುವವರೆಗೂ ಕೊಯ್ಯುವವಳು ನಾನೇ ಎಂದು ಹಟ ಹಿಡಿದು ಇಡೀ ತೋಟ ಹೊಡೆದೆ. ಬೇಲಿಯ ಪಟ್ಟಿಯನ್ನು ಮಾತ್ರ ಬೇಕೆಂದೇ ಹಾಗೇ ಬಿಟ್ಟೆ.

ದೀಪಾವಳಿಯ ಪಾಡ್ಯಕ್ಕೆ ನಮ್ಮಲ್ಲಿ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಹೊಸ್ತಿಲಿಗೆ, ಕೊಟ್ಟಿಗೆಗೆ ಇಡುತ್ತೇವೆ. ಅವಳಿಗೆ ಗುಲಾಬಿ ಸೇವಂತಿಗೆ ಇದ್ದರೂ ನಡೆಯಿತು, ಇರದಿದ್ದರೂ ನಡೆಯಿತು. ಉತ್ರಾಣಿ ಕಡ್ಡಿ, ಅಣ್ಣೆ ಹೂವು, ತಂಗಟಿ ಹೂವು ಮಾತ್ರ ಬೇಕೇ ಬೇಕು. ಮೂರೂ ಯಾರೂ ಬಿತ್ತದ ಗಿಡಗಳು. ಬದುವಿನಲ್ಲಿ, ದಾರಿಬದಿಯಲ್ಲಿ, ಹುಲ್ಲಿನ ನಡುವೆ ತಾವಾಗಿ ಹುಟ್ಟುವಂಥವು. ಅಂದರೆ ಎಣ್ಣೆ ಹೊಡೆದರೆ ಮೊದಲು ಸಾಯುವಂಥವು.

ಪಾಡ್ಯದ ಬೆಳಿಗ್ಗೆ ಎಮ್ಮೆಗೆ ಹಸಿಹುಲ್ಲು ತರಲು ತೋಟಕ್ಕೆ ಹೋಗಿದ್ದೆ. ಭಾವನ ಬೈಕು ಬಂತು. ಮಡಿ ಧೋತರ, ಹಣೆಗೆ ವಿಭೂತಿ. ಈ ಸಲ ಇಳಿದರು.

"ಪ್ಯಾಟ್ಯಾಗ ತಂದ ಕಟ್ಟು ಬಾಡಿ ಹೋಗೈತಿ. ನಮ್ಮ ಹೊಲದ ಬದುವಿನಾಗ ಒಂದು ಕಡ್ಡಿ ಉತ್ರಾಣಿ ಇಲ್ಲ. ದಾರಿಗುಂಟ ನೋಡ್ಕೋತ ಬಂದೆ, ಎಲ್ಲೂ ಇಲ್ಲ. ನಿಮ್ಮ ಅಕ್ಕ ಸಗಣಿ ಕಲಸ್ಕೊಂಡು ಕುಂತಾಳ." ಅಕ್ಕ ಎಂದರೆ ಅವರ ಹೆಂಡತಿ.

ನಾನು ಬೇಲಿಯ ಕಡೆ ಕೈ ತೋರಿಸಿದೆ. ಅಣ್ಣೆ ಹೂವು ಬಿಳಿ-ಗುಲಾಬಿ ತೆನೆ ಎತ್ತಿ ನಿಂತಿತ್ತು, ತಂಗಟಿ ಹಳದಿಯಾಗಿತ್ತು, ಉತ್ರಾಣಿಯಂತೂ ಸೊಂಟದುದ್ದ. ನಾನೇ ಕೊಯ್ದು ಕೊಡಲಿ ಎಂದು ಅವರು ಕಾಯುತ್ತಿದ್ದರು. ನಾನು ಕುಡುಗೋಲು ಅವರ ಕೈಗೆ ಕೊಟ್ಟೆ.

"ನೀವೇ ಕೊಯ್ಕೊಳ್ರಿ ಭಾವಾರ. ಹಾವು ಚೇಳು ನೋಡ್ಕೊಂಡು."

ಅವರು ಧೋತರ ಎತ್ತಿಕಟ್ಟಿ ಪಟ್ಟಿಯೊಳಗೆ ಹೋದರು. ನಾನು ಸಹಾಯಕ್ಕೆ ಹೋಗಲಿಲ್ಲ. ಹೋಗಬೇಕು ಎನ್ನಿಸಲೂ ಇಲ್ಲ.

ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು. ಭಾವನ ಧೋತರದ ತುಂಬ ಉತ್ರಾಣಿ ಬೀಜ ಕಚ್ಚಿಕೊಂಡಿದ್ದವು. ಅವರು ತಲೆ ಬಗ್ಗಿಸಿ ಒಂದೊಂದಾಗಿ ಕೀಳುತ್ತಿದ್ದರು, ತೋಟದ ಸುದ್ದಿ ಎತ್ತಲಿಲ್ಲ. ಅವರು ಮರೆತ ಹಾಗೆ ಮಾಡಿದರೆ ನಾನೂ ಮರೆತು, 'ಬದುಕಿದೆಯಾ ಬಡಜೀವವೇ' ಎಂದು ಸುಮ್ಮನಿರಬಹುದಿತ್ತು. ಹಾಗೆ ಪಾರಾಗುವುದು ನನಗೆ ಬೇಕಿರಲಿಲ್ಲ.

"ತೋಟದ ಮಾತು ಆಡಾಣ ಅಂದಿದ್ರಲ್ರಿ ಭಾವಾರ. ಆಡ್ರಿ, ಎಲ್ಲರೂ ಅದಾರ" ಎಂದೆ.

ಗಂಡ ನನ್ನ ಮುಖ ನೋಡಿದರು. ಭಾವ ಬೀಜ ಕೀಳುತ್ತಲೇ ಇದ್ದರು. ಮಾತಾಡಿದ್ದು ಅವರ ಹೆಂಡತಿ, ನನ್ನ ನೆಗೆಣ್ಣಿ. ನನ್ನ ಪ್ಯಾಂಟು ನೋಡಿ ಬೀಗರ ಮುಂದೆಲ್ಲ ನಕ್ಕವರು.

"ಆಡೋದೇನೈತಿ? ಬರೋ ವರ್ಷ ಹಟ್ಟಿ ಲಕ್ಕವ್ವಗ ಉತ್ರಾಣಿ ಎಲ್ಲಿಂದ ತರ್ತೀರಿ? ನಿಮ್ಮ ಅಂಗಡ್ಯಾಗ ಸಿಗತೈತೇನು?"

ಭಾವ ಕೊನೆಯ ಬೀಜ ಕಿತ್ತು, ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡರು. "ಹೆಂಗ ಬೇಕೋ ಹಂಗ ಮಾಡ್ಕೋ ಹೋಗವ್ವ" ಎಂದರು ನನಗೆ.

ಅದನ್ನು ಅವರು ಅಪ್ಪಣೆ ಎಂದುಕೊಂಡಿದ್ದರೆ ಎಂದುಕೊಳ್ಳಲಿ. ನಾನು ಅಪ್ಪಣೆ ಕೇಳಿರಲಿಲ್ಲ.