ಅತ್ತಿಗೆಯ ಹ್ಯಾಂಡ್‌ಬ್ರೇಕು

ಮೊನ್ನೆ ಘಾಟಿಯಿಂದ ವಾಪಸು ಬರುವಾಗ ಮುಂದಿದ್ದ ಕಾರಿನಿಂದ ಕಾದ ಬ್ರೇಕಿನ ವಾಸನೆ ಬಂತು. ಜೊತೆಯಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ಗಾಜು ಏರಿಸಿದರು. ನಾನು ಮಾತ್ರ ನನ್ನ ಕಡೆಯದನ್ನು ಇಳಿಸಿದೆ. ನಿಮಗೆ ವಿಚಿತ್ರ ಅನ್ನಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ವಾಸನೆಯಲ್ಲಿ ಒಬ್ಬೊಬ್ಬರು ಕೂತಿರುತ್ತಾರೆ. ನನಗೆ ಈ ಸುಟ್ಟ ವಾಸನೆಯಲ್ಲಿ ನಮ್ಮ ಸರೋಜತ್ತಿಗೆ.

ಸರೋಜತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದರೆ, ಅತ್ತಿಗೆ ದೊಡ್ಡಬಳ್ಳಾಪುರದ ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುತ್ತಿದ್ದರು. ಮಗ್ಗ ಕೆಟ್ಟರೆ ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿದ್ದನ್ನು ನಾನು ನೋಡಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಸದ್ದು ಕೇಳಿ, "ಎಡಗಡೆ ಸ್ಪ್ರಿಂಗ್ ಸೋತಿದೆ" ಅನ್ನುವರು. ಸೋತೇ ಇರುತ್ತಿತ್ತು. ಮಗ್ಗಗಳು ಹೋದ ಮೇಲೆ ಆ ಜಾಗಕ್ಕೆ ಒಂದು ಹಳೇ ಕಾರು ಬಂತು. ಐವತ್ತರ ಹತ್ತಿರ ಅತ್ತಿಗೆ ಡ್ರೈವಿಂಗ್ ಕಲಿತರು. ಕಲಿತದ್ದೇ ತಡ, ಪ್ರತಿ ಮಂಗಳವಾರ ಚನ್ನರಾಯಪಟ್ಟಣದ ಕಡೆಯ ತವರಿಗೆ ಒಬ್ಬರೇ ಹೋಗಿ, ಅವ್ವನ ಜೊತೆ ಉಂಡು, ಸಂಜೆಗೆ ಬಂದುಬಿಡುವರು. ಅದಕ್ಕೆ ಮುಂಚೆ ಮೂವತ್ತು ವರ್ಷ, ತವರಿಗೆ ಹೋಗಬೇಕೆಂದರೆ ಯಾರದೋ ಬಿಡುವಿಗೆ ಕಾದವರು ಅವರು.

ಒಂದು ಶುಕ್ರವಾರ, ಮನೆ ಮುಂದಿನ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದ ಕಾರು ಮೆಲ್ಲಗೆ ಹಿಂದಕ್ಕೆ ಜರುಗಿತು. ಹಿಂದೆ ಗೇಟು ತೆಗೆಯುತ್ತಿದ್ದವನು ಅಣ್ಣ. ತರಚಿದ್ದು ಮಂಡಿ ಮಾತ್ರ, ಆದರೆ ಹೆದರಿಕೆ ಮಂಡಿಯಿಂದ ಬಹಳ ಮೇಲೆ ಹತ್ತಿತ್ತು.

"ಈ ಗಾಡಿ ಮನೇಲಿರೋದು ಬೇಡ. ಭಾನುವಾರ ಹೊಸಕೋಟೆಯಿಂದ ಒಬ್ಬ ಬರ್ತಾನೆ, ಕೊಟ್ಬಿಡ್ತೀನಿ" ಎಂದ.

ಅತ್ತಿಗೆ ಜಗಳಕ್ಕೆ ಹೋಗಲಿಲ್ಲ. "ಭಾನುವಾರ ತಾನೆ? ಇವತ್ತಿನ್ನೂ ಶುಕ್ರವಾರ" ಎಂದರು.

ಶನಿವಾರ ಬೆಳಿಗ್ಗೆ ಅಣ್ಣ ಶಿಫ್ಟಿಗೆ ಹೋದ ಮೇಲೆ ನಾನು ಸಹಾಯಕ್ಕೆ ಹಾಜರಾದೆ. "ಲಿವರ್ ಹತ್ರ ಕೇಬಲ್ ಟೈಟ್ ಮಾಡಿದ್ರೆ ಆಯ್ತಂತೆ ಅತ್ತಿಗೆ, ಫೋನಲ್ಲಿ ನೋಡ್ದೆ."

"ಒಳಗೆ ಸವೆದಿದ್ರೆ ಹೊರಗಿಂದ ಎಳೆದು ಏನಪ್ಪಾ ಪ್ರಯೋಜನ?"

ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟರು. ಜಾಕ್ ಏರಿಸಿದರು. ಜಾಕನ್ನೂ ನಂಬದೆ ಒಂದು ತೊಲೆಯ ತುಂಡು ಅಡಿಗಿಟ್ಟು, ಎಡಗಡೆ ಹಿಂದಿನ ಚಕ್ರ ತೆಗೆದು, ಅದರ ಹಿಂದಿನ ಬಟ್ಟಲಿನಂಥ ಡ್ರಮ್ ಕಳಚಿದರು. ಗಪ್ಪನೆ ಆ ಸುಟ್ಟ ವಾಸನೆ. ಒಳಗಿನ ಕರಿ ಧೂಳನ್ನು ಊದಲು ಬಾಗಿದೆ; ತಲೆಗೆ ಮೊಟಕಿದರು. "ಊದ್ಬೇಡ. ಇಪ್ಪತ್ತು ವರ್ಷ ಧೂಳು ಕುಡಿದೋಳು ಹೇಳ್ತಿದೀನಿ." ಒದ್ದೆ ಬಟ್ಟೆಯಲ್ಲಿ ಒರೆಸಿದರು. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯಬೇಕಾದ ಬ್ರೇಕ್ ಶೂಗಳು ಸವೆದು ಹಪ್ಪಳವಾಗಿದ್ದವು.

ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲೇ ಹಳೇ ಸೀರೆಯ ಮೇಲೆ ಸಾಲಾಗಿ ಇಟ್ಟರು. "ಬಲಗಡೇದು ಮುಟ್ಬೇಡ. ಎಲ್ಲಾದ್ರೂ ಮರೆತ್ರೆ ಅದನ್ನ ನೋಡ್ಕೊಂಡು ಕಟ್ಬೇಕು" ಎಂದು ಹೇಳಿ, ಹೊಸ ಶೂ ತರಲು ಪೇಟೆಗೆ ಹೊರಟರು.

ಓದುಗರೇ, ನನ್ನನ್ನು ಹಾಗೆ ಒಬ್ಬನನ್ನೇ ಬಿಡಬಾರದಿತ್ತು. ಅವರು ಬರುವಷ್ಟರಲ್ಲಿ ಬಲಗಡೆಯನ್ನೂ ಎತ್ತಿ, ಬಿಚ್ಚಿ, ಸ್ಪ್ರಿಂಗು ಗಿಂಗು ಎಲ್ಲವನ್ನೂ ಒಂದು ಬಾಂಡ್ಲಿಗೆ ಸುರಿದು, ತೊಳೆದು, ಭೇಷ್ ಅನ್ನಿಸಿಕೊಳ್ಳಲು ಕಾದು ಕೂತಿದ್ದೆ.

ಅತ್ತಿಗೆ ಬಾಂಡ್ಲಿ ನೋಡಿದರು. ನನ್ನನ್ನು ನೋಡಿದರು. "ಹೊಸಕೋಟೆಯೋನು ಯಾಕಪ್ಪಾ ಬರ್ಬೇಕು? ಗುಜರಿಯೋನನ್ನ ಕರಿ. ಅರ್ಧ ಕೆಲಸ ನೀನೇ ಮಾಡಿದೀಯ!"

ಮತ್ತೆ ಒಂದು ಮಾತೂ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಸೀರೆಯ ಮೇಲಿನ ಸಾಲನ್ನು ಕೊನೆಯಿಂದ ಹಿಡಿದು, ಹಿಂದುಹಿಂದಕ್ಕೆ ಬರುತ್ತಾ ಎಡಗಡೆಯದನ್ನು ಕಟ್ಟಿದರು. ಆಮೇಲೆ ಅದನ್ನೇ ನೋಡಿಕೊಂಡು, ಕನ್ನಡಿಯಲ್ಲಿ ಕಂಡ ಹಾಗೆ ಬಲಗಡೆಯದನ್ನು. ಒಂದು ಸ್ಪ್ರಿಂಗ್ ಮೂರು ಸಲ ಹಾರಿತು; ಬೆರಳು ಹರಿದು ರಕ್ತ ಬಂತು. "ಮಗ್ಗದ ಲಾಳಿ ಹೊಡೆದಷ್ಟು ನೋವಿಲ್ಲ ಬಿಡು" ಎಂದು ಸೀರೆಯ ಚೂರು ಸುತ್ತಿಕೊಂಡರು. ಕೊನೆಗೆ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಕಣ್ಣು ಮುಚ್ಚಿ, ಶೂ ಡ್ರಮ್ಮಿಗೆ ಸವರಿಯೂ ಸವರದಂಥ ಸದ್ದು ಬರುವವರೆಗೆ ಒಳಗಿನದನ್ನು ಹದ ಮಾಡಿದರು. ಕೇಬಲ್ಲಿಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಎರಡೇ ಸುತ್ತು. ನಾನು ಮೊದಲೇ ಅಲ್ಲಿಗೆ ಸ್ಪ್ಯಾನರ್ ಹಾಕಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ಅತ್ತಿಗೆ ಕೆರೆ ಏರಿ ಹತ್ತುವ ದಾರಿಗೆ ಕಾರು ಒಯ್ದರು. ಅಣ್ಣ ಕಾರು ಹತ್ತಲು ಒಪ್ಪದೆ, ಕುಂಟುತ್ತಾ ನನ್ನ ಜೊತೆ ನಡೆದುಕೊಂಡೇ ಬಂದ. ಕಡಿದಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಬಿಡಿಸಿ, ಎಂಜಿನ್ ಆರಿಸಿ, ಅತ್ತಿಗೆ ಎರಡು ಕೈಯನ್ನೂ ಕಿಟಕಿಯಿಂದ ಹೊರಗೆ ಚಾಚಿದರು. ಕಾರು ಕದಲಲಿಲ್ಲ.

ಅಣ್ಣ ನಿಧಾನಕ್ಕೆ ನಡೆದು ಹೋಗಿ, ಕಾರಿನ ನೇರ ಹಿಂದೆ, ಅದಕ್ಕೆ ಬೆನ್ನು ಕೊಟ್ಟು ನಿಂತ.

"ರೀ, ಪಕ್ಕಕ್ಕೆ ಬನ್ನಿ! ಕಾಲು ಬ್ರೇಕ್ ಮೇಲಿಲ್ಲ!" ಅತ್ತಿಗೆಯ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಗೊತ್ತು ಕಣೇ" ಎಂದ ಅಣ್ಣ. ಅಲ್ಲೇ ನಿಂತು ಫೋನ್ ತೆಗೆದ. "ಬರ್ಬೇಡಪ್ಪಾ ಹೊಸಕೋಟೆಯಿಂದ. ಗಾಡಿ ನಮ್ಮನೆಯೋರ್ದು. ಅವರು ಕೊಡಲ್ವಂತೆ."

ಮೊನ್ನೆ ಮನೆ ಸೇರಿದವನೇ ಅತ್ತಿಗೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವನು ಅಣ್ಣ.

"ಆಮೇಲೆ ಮಾಡೋ. ಅವಳು ಗಾಡಿ ಕೆಳಗಿದಾಳೆ, ನಾನು ಟಾರ್ಚ್ ಹಿಡ್ಕೊಂಡಿದೀನಿ. ಬೆಳಕು ಅಲ್ಲಾಡಿದ್ರೆ ಬೈತಾಳೆ."